ತಂತಿ ಕಡಿದರೂ ಪಾಠ ನಿಲ್ಲಬಾರದು



ಜೂನ್ ತಿಂಗಳ ಒಂದು ಬೆಳಿಗ್ಗೆ. ಕಾರ್ಕಳ ತಾಲ್ಲೂಕಿನಲ್ಲಿ, ಘಟ್ಟದ ತಪ್ಪಲಿನ ಒಂದು ಹಳ್ಳಿಯ ಶಾಲೆಯನ್ನು ಕಲ್ಪಿಸಿಕೊಳ್ಳಿ. ರಾತ್ರಿಯ ಗಾಳಿಮಳೆಗೆ ಕೊಂಬೆ ಮುರಿದು ವಿದ್ಯುತ್ ತಂತಿಯ ಮೇಲೆ ಬಿದ್ದಿದೆ. ಗುಡ್ಡ ಅಡ್ಡವಿರುವುದರಿಂದ ಮೊಬೈಲ್ ಸಂಕೇತವೂ ತಲುಪುತ್ತಿಲ್ಲ. ಶಾಲೆಯಲ್ಲಿ ಗಣಕಯಂತ್ರವಿದೆ, ಆದರೆ ಅದು ಬೀಗ ಹಾಕಿದ ಬೀರುವಿನಂತೆ ಸುಮ್ಮನೆ ಕುಳಿತಿದೆ. ಪಟ್ಟಣದ ಮಕ್ಕಳು ಪರದೆಯ ಮೇಲೆ ಹೃದಯ ಬಡಿಯುವ ಬಗೆಯನ್ನು ನೋಡುತ್ತಿರುವಾಗ ಇಲ್ಲಿನ ಮಕ್ಕಳು ಏಕೆ ಹಿಂದುಳಿಯಬೇಕು?

ಪಾಠವನ್ನು ದೂರಕ್ಕೆ ಸಾಗಿಸಲು ಮೂರು ದಾರಿಗಳಿವೆ. ಮೊದಲನೆಯದು ಆಕಾಶದ ದಾರಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ತಲುಪಿದವು. ನಮ್ಮ ಗುಲ್ಬರ್ಗ, ಬಿಜಾಪುರ, ರಾಯಚೂರು ಭಾಗದ ಹಳ್ಳಿಗಳೂ ಅವುಗಳಲ್ಲಿದ್ದವು. 2004ರಲ್ಲಿ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ 2020ರಲ್ಲಿ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಈ ದಾರಿಗೆ ಅಂತರಜಾಲ ಬೇಡ. ಆದರೆ ಕಾರ್ಯಕ್ರಮ ಮಾಡುವ ನಮಗೆ ಗೊತ್ತಿರುವ ಕಹಿ ಸತ್ಯವೊಂದಿದೆ: ಪ್ರಸಾರದ ಹೊತ್ತಿಗೆ ಕರೆಂಟು ಹೋದರೆ ಆ ಮನೆಯ ಮಟ್ಟಿಗೆ ಪಾಠವೂ ಹೋದಂತೆಯೇ.

ಎರಡನೆಯದು ಅಂತರಜಾಲ. ಬೇಕಾದಾಗ ಬೇಕಾದ ಪಾಠ ಸಿಗುತ್ತದೆ. ಆದರೆ ತಂತಿ ಅಥವಾ ಗೋಪುರ ಕೈಕೊಟ್ಟರೆ ಏನೂ ಸಿಗದು.

ಮೂರನೆಯದು ಸಂಗ್ರಹದ ದಾರಿ. ಅಂಗೈಯಗಲದ, ಕೆಲವೇ ವ್ಯಾಟ್ ವಿದ್ಯುತ್ ಸಾಕಾಗುವ ಪುಟ್ಟ ಗಣಕಗಳು ಈಗ ದೊರೆಯುತ್ತವೆ. 2012ರಲ್ಲಿ ಬಂದ ‘ರಾಸ್ಪ್‌ಬೆರಿ ಪೈ’ ಅಂಥದ್ದೊಂದು. ಅದರೊಳಗಿನ ಸಣ್ಣ ಕಾರ್ಡಿನಲ್ಲಿ ಪಾಠದ ವಿಡಿಯೋಗಳನ್ನು ತುಂಬಿಡಬಹುದು. ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯವನ್ನೂ ಇಡಬಹುದು. ಕೊಠಡಿಯೊಳಗೆ ಅದು ತನ್ನದೇ ವೈ-ಫೈ ಹರಡುತ್ತದೆ. ಮಕ್ಕಳು ಫೋನಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ಅದಕ್ಕೆ ಸೇರಿಕೊಂಡು ಓದಬಹುದು. ಹೊರಗಿನ ಜಾಲ ಬೇಕಿಲ್ಲ. ತಿಂಗಳಿಗೊಮ್ಮೆ ಉಡುಪಿಗೋ ಮಣಿಪಾಲಕ್ಕೋ ಹೋದವರು ಹೊಸ ಪಾಠಗಳನ್ನು ಪೆನ್‌ಡ್ರೈವಿನಲ್ಲಿ ತಂದರಾಯಿತು. ನಿಮ್ಮ ಗ್ರಂಥಾಲಯಕ್ಕೆ ಪುಸ್ತಕ ಬರುವುದೂ ಹೀಗೆಯೇ ಅಲ್ಲವೇ?

ಇನ್ನು ವಿದ್ಯುತ್ತಿನ ಮಾತು. ಟಿ.ಎಂ.ಎ. ಪೈ ಮತ್ತು ಸಂಗಡಿಗರು 1925ರಲ್ಲಿ ಉಡುಪಿಯಲ್ಲಿ ತೆರೆದ ಬ್ಯಾಂಕು 1928ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಉಳಿತಾಯ. ಸೌರ ಬ್ಯಾಟರಿಯೂ ಒಂದು ಪಿಗ್ಮಿ ಖಾತೆ. ಬಿಸಿಲು ದಿನದಿನದ ಜಮೆ, ಪಾಠ ದಿನದಿನದ ಖರ್ಚು.

ಲೆಕ್ಕ ಹಾಕೋಣ. ಒಂದು ಎಲ್‌ಇಡಿ ಟಿ.ವಿ.ಗೆ 50 ವ್ಯಾಟ್, ಪುಟ್ಟ ಗಣಕಕ್ಕೆ 10 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆ ಪಾಠ ನಡೆದರೆ ಖರ್ಚು 180 ವ್ಯಾಟ್-ಗಂಟೆ. 100 ವ್ಯಾಟಿನ ಸೌರಫಲಕ ಒಳ್ಳೆಯ ಬಿಸಿಲಿನ ದಿನ, ನಷ್ಟಗಳನ್ನು ಕಳೆದು, ಸುಮಾರು 360 ವ್ಯಾಟ್-ಗಂಟೆ ಕೊಡುತ್ತದೆ. ಬೇಕಾದಷ್ಟಾಯಿತು! ಆದರೆ ಮೋಡ ದಟ್ಟವಾದ ದಿನ ಅದರ ಕಾಲುಭಾಗ, ಅಂದರೆ 90 ಮಾತ್ರ ಸಿಕ್ಕಿದರೆ? ಅರ್ಧದಷ್ಟು ಸಾಲ ಬಿತ್ತು. ನಮ್ಮ ಕರಾವಳಿಯಲ್ಲಿ ಶಾಲೆ ಆರಂಭವಾಗುವುದೂ ಮಳೆಗಾಲ ಆರಂಭವಾಗುವುದೂ ಒಟ್ಟೊಟ್ಟಿಗೆ. ಆದ್ದರಿಂದ ಲೆಕ್ಕವನ್ನು ಮಾರ್ಚಿಗಲ್ಲ, ಜುಲೈಗೆ ಹಾಕಬೇಕು. ಎರಡು ಫಲಕಗಳಿದ್ದರೆ ಅಂಥ ದಿನದಲ್ಲೂ ಜಮೆ-ಖರ್ಚು ಸರಿದೂಗುತ್ತದೆ.

ಇದು ಬರಿಯ ಊಹೆಯಲ್ಲ. ಕುಂದಾಪುರ ಕಡೆಯ ಹರೀಶ್ ಹಂದೆಯವರು 1995ರಲ್ಲಿ ಸ್ಥಾಪಿಸಿದ ‘ಸೆಲ್ಕೋ’ ಸಂಸ್ಥೆ ಬಡವರ ಮನೆಗಳಿಗೆ ಸೌರದೀಪ ತಲುಪಿಸಿತು. ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಸಂಸ್ಥೆಯ ಒಂದು ಯೋಜನೆ ಬಹಳ ಜಾಣತನದ್ದು: ಸೌರಫಲಕ ಶಾಲೆಯಲ್ಲಿ, ದೀಪ ಮನೆಯಲ್ಲಿ. ಮಗು ಪುಟ್ಟ ಬ್ಯಾಟರಿಯನ್ನು ಶಾಲೆಗೆ ತಂದು ಚಾರ್ಜ್ ಮಾಡಿಕೊಂಡು ಹೋಗಬೇಕು. ಶಾಲೆ ತಪ್ಪಿಸಿದರೆ ರಾತ್ರಿ ಓದಲು ಬೆಳಕಿಲ್ಲ!

ಯಂತ್ರ ತಂದರಷ್ಟೇ ಸಾಲದು, ನೋಡಿಕೊಳ್ಳುವವರು ಬೇಕು. ಕಾಪುವಿನ ಕಡಲಂಚಿನಲ್ಲಿ ಉಪ್ಪುಗಾಳಿ ತಂತಿಯ ಜೋಡಣೆಗಳನ್ನು ತಿನ್ನುತ್ತದೆ. ಕಾರ್ಕಳದ ಕಡೆ ಮರದ ನೆರಳು, ಉದುರಿದ ಎಲೆಗಳು ಫಲಕವನ್ನು ಮುಚ್ಚುತ್ತವೆ. ವಾರಕ್ಕೊಮ್ಮೆ ಒರೆಸುವುದು, ಬ್ಯಾಟರಿಯನ್ನು ಪರೀಕ್ಷಿಸುವುದು, ಪುಸ್ತಕದಲ್ಲಿ ಬರೆದಿಡುವುದು ಎಂಟನೆಯ ತರಗತಿಯವರೂ ಶಿಕ್ಷಕರ ಜೊತೆ ನಿಂತು ಮಾಡಬಹುದಾದ ಕೆಲಸ. ಈ ಹೊಣೆ ಯಾರದೂ ಅಲ್ಲದಿದ್ದರೆ ಎಷ್ಟೇ ಬೆಲೆಯ ಉಪಕರಣವೂ ಎರಡೇ ಮಳೆಗಾಲದಲ್ಲಿ ಮೂಲೆ ಸೇರೀತು.

ನಾಳೆ ನಿಮ್ಮ ಶಾಲೆಯ ಉಪಕರಣಗಳ ಹಿಂಭಾಗದಲ್ಲಿ ಬರೆದಿರುವ ವ್ಯಾಟ್‌ಗಳನ್ನು ಓದಿ ಒಂದು ಪಟ್ಟಿ ಮಾಡಿ. ಗಂಟೆಗಳಿಂದ ಗುಣಿಸಿ. ಜುಲೈ ತಿಂಗಳ ಒಂದು ದಿನಕ್ಕೆ ಎಷ್ಟು ಫಲಕ ಬೇಕು ಎಂದು ಕಂಡುಹಿಡಿಯಿರಿ. ಮುಂದಿನ ಬಾರಿ ತಂತಿ ಕಡಿದಾಗ ನಿಮ್ಮ ಕೈಯಲ್ಲಿ ದೂರಿನ ಬದಲು ಒಂದು ಲೆಕ್ಕವಿರಲಿ.