ಸಾಕುಮನೆಯ ವಿಚಾರವಾಗಿ ಒಂದು ಅರಿಕೆ

ಬೇಸಗೆಯ ರಜೆ ಬಂದೊಡನೆ ನಮ್ಮ ವಿದ್ಯಾರ್ಥಿನಿಲಯವು ಬರಿದಾಗುವುದು. ಸಿರುಗುಪ್ಪ, ಕುರುಗೋಡುಗಳ ಕಡೆಯಿಂದ ತಾಯಿತಂದೆಯರು ಬಂದು ಮಕ್ಕಳನ್ನು ಕರೆದುಕೊಂಡು ಹೋಗುವರು. ಆಗ ಜಗಲಿಯ ಕಂಬಕ್ಕೊರಗಿ, ಯಾರೂ ಬಾರದ ದಾರಿಯನ್ನು ನೋಡುತ್ತ ನಿಲ್ಲುವ ಒಬ್ಬಿಬ್ಬರು ಹುಡುಗಿಯರಿರುತ್ತಾರೆ. ಅವರಿಗೆ ಅನ್ನವಸ್ತ್ರಗಳ ಕೊರತೆಯಿಲ್ಲ, "ಏಕೆ ತಡವಾಯಿತು?" ಎಂದು ಕೇಳುವವರ ಕೊರತೆಯುಂಟು.

ಈ ದುಃಖವು ನಮ್ಮ ಸೀಮೆಗೆ ಹೊಸದಲ್ಲ. 1876–78ರ ಘೋರ ಕ್ಷಾಮವು ಬಳ್ಳಾರಿ ಸೀಮೆಯಲ್ಲಿ ಎಷ್ಟೋ ಮಕ್ಕಳನ್ನು ತಬ್ಬಲಿಗಳನ್ನಾಗಿಸಿತು. ಅಂದು ಅನಾಥಾಲಯವೇ ಪರಮೋಪಕಾರವೆನಿಸಿತ್ತು. ಆದರೆ 2015ರ ಬಾಲನ್ಯಾಯ ಕಾಯಿದೆಯು, ಮಗುವನ್ನು ಸಂಸ್ಥೆಯಲ್ಲಿರಿಸುವುದು ಕಡೆಯ ಉಪಾಯವೆಂದೂ ಸಂಸಾರದ ಮಡಿಲೇ ಮೊದಲನೆಯದೆಂದೂ ವಿಧಿಸಿದೆ.

ಇದಕ್ಕಾಗಿ ಏರ್ಪಟ್ಟಿರುವುದೇ ಪೋಷಕತ್ವ. ಇದು ದತ್ತುಸ್ವೀಕಾರವಲ್ಲ. ದತ್ತುಮಗುವು ಶಾಶ್ವತವಾಗಿ ಆ ಮನೆಯದಾಗುವುದು. ಪೋಷಕತ್ವದಲ್ಲಾದರೋ ಮಗುವು ಕೆಲಕಾಲ ಮಾತ್ರ ಇನ್ನೊಂದು ಕುಟುಂಬದಲ್ಲಿ ಬೆಳೆಯುವುದು. ಹೆತ್ತವರು ಬಂದು ನೋಡಬಹುದು. ಅವರ ಸ್ಥಿತಿ ಸುಧಾರಿಸಿದರೆ ಮಗುವು ಹಿಂದಿರುಗಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆಯನ್ನು ವಿಚಾರಿಸುವರು. ಮಕ್ಕಳ ಕಲ್ಯಾಣ ಸಮಿತಿಯು ಆಜ್ಞೆಯನ್ನಿತ್ತು, ತಿಂಗಳಿಗೊಮ್ಮೆ ಪರಾಮರ್ಶಿಸುವುದು. ವಿದ್ಯೆ, ಆಹಾರ, ಆರೋಗ್ಯಗಳ ಹೊಣೆ ಪೋಷಕರದು. 2024ರ ಮಾರ್ಗಸೂಚಿಗಳ ಮೇರೆಗೆ ಅವಿವಾಹಿತೆಯರೂ ವಿಧವೆಯರೂ ಪೋಷಕರಾಗಬಹುದು.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. "ಓದಿಸುತ್ತೇವೆ" ಎಂದು ಹಳ್ಳಿಯಿಂದ ಹುಡುಗಿಯನ್ನು ಕರೆತಂದು, ಮುಸುರೆ ತಿಕ್ಕಲು ಹಚ್ಚುವ ವಾಡಿಕೆ ನಮ್ಮಲ್ಲುಂಟು. ಅದು ಪೋಷಕತ್ವವಲ್ಲ. ಸಮಿತಿಯ ಆಜ್ಞೆಯಿಲ್ಲದೆ ಪರರ ಮಗುವನ್ನು ಮನೆಯಲ್ಲಿರಿಸಿಕೊಳ್ಳುವುದೂ ಸಲ್ಲದು.

ಎಳೆಗೂಸುಗಳನ್ನು ಬಯಸುವವರು ಬಹಳ. ಹದಿನಾರರ ಹುಡುಗಿಯನ್ನು ಕೇಳುವವರು ವಿರಳ. ಹದಿನೆಂಟು ತುಂಬಿದೊಡನೆ ಅವಳು ಸಂಸ್ಥೆಯನ್ನು ಬಿಡಬೇಕು. ಅನಂತರದ ಪಾಲನೆಗೆ ಸಾಮಾನ್ಯವಾಗಿ ಇಪ್ಪತ್ತೊಂದರವರೆಗೆ ನೆರವು ಕಾನೂನಿನಲ್ಲಿದೆ. ಆದರೆ ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಕೈಯನ್ನು ಯಾವ ಕಾನೂನು ಕೊಟ್ಟೀತು?

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ಪೋಷಕ ಮಹಾಶಯರೇ, ಎಲ್ಲರಿಗೂ ಮನೆಯಲ್ಲಿ ಸ್ಥಳವಿರಲಾರದು. ಒಬ್ಬರು ಕಾಲೇಜಿನ ಶುಲ್ಕವನ್ನು ಕೊಡಬಹುದು. ಒಬ್ಬರು ಕೆಲಸ ಕಲಿಸಬಹುದು. ಇನ್ನೊಬ್ಬರು ಹಿರಿಯಕ್ಕನಂತೆ ಬುದ್ಧಿ ಹೇಳಬಹುದು. ಪೋಷಕರಾಗಲು ಮನಸ್ಸುಳ್ಳವರು ಬಳ್ಳಾರಿಯ ಮಕ್ಕಳ ರಕ್ಷಣಾ ಘಟಕವನ್ನು ಕಾಣತಕ್ಕದ್ದು. ಆಪತ್ತಿನಲ್ಲಿರುವ ಮಗುವನ್ನು ಕಂಡವರು 1098ಕ್ಕೆ ದೂರವಾಣಿ ಮಾಡತಕ್ಕದ್ದು.

ಮುಂದಿನ ಬೇಸಗೆಯ ರಜೆಗೆ ಮುನ್ನ ನಿಮ್ಮ ಉತ್ತರವನ್ನು ಎದುರುನೋಡುತ್ತೇವೆ.