ಧಾಟಿ ಉಳಿದರೆ ಪದ ಉಳಿದೀತೇ? ಒಂದು ಜಾಝ್ ಆಲ್ಬಮ್ ಮತ್ತು ನಮ್ಮ ತತ್ತ್ವಪದ

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಾವು ವಚನ, ತತ್ತ್ವಪದಗಳನ್ನು ಹೊಸದಾಗಿ ಹಾಡಬೇಕು ಅಂತೀವಿ. ಆದರೆ ಹಾಡಿನಲ್ಲಿ ಏನನ್ನು ಉಳಿಸಬೇಕು, ಏನನ್ನು ಬದಲಿಸಬೇಕು ಅನ್ನೋದನ್ನು ಮೊದಲು ಕೇಳಿಕೊಳ್ಳಬೇಕಲ್ಲ? ಅದಕ್ಕಾಗಿ ದೂರದ ಒಂದು ಉದಾಹರಣೆಯಿಂದ ಶುರು ಮಾಡತೀನಿ.

1963ರಲ್ಲಿ ಅಮೆರಿಕದ ಟೆರ್ರಿ ಗಿಬ್ಸ್ ಯಹೂದಿ ಹಾಡುಗಳ ಒಂದು ಜಾಝ್ ಆಲ್ಬಮ್ ತಂದರು. ಅವರದು ವೈಬ್ರಫೋನ್, ಅಂದರೆ ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ. ಅವರ ತಂದೆಯೂ ಯಹೂದಿ ಸಮಾರಂಭಗಳಲ್ಲಿ ನುಡಿಸುತ್ತಿದ್ದ ವಾದ್ಯಗಾರರೇ. ಜಾಝ್‌ನಲ್ಲಿ ಸಾಮಾನ್ಯವಾಗಿ ಮೊದಲು ಮೂಲ ಧಾಟಿ ಕೇಳಿಸುತ್ತದೆ. ಆಮೇಲೆ ಕಲಾವಿದರು ಅದನ್ನು ತಮ್ಮ ಮನೋಧರ್ಮದಂತೆ ಬೆಳೆಸುತ್ತಾರೆ. ಈ ಆಲ್ಬಮ್‌ನಲ್ಲಿ ಧಾಟಿ ಉಂಟು, ಹಾಡಿನ ಯಿಡ್ಡಿಷ್ ಮಾತುಗಳಿಲ್ಲ. ಮಾತು ಗೊತ್ತಿದ್ದವರು ಮನಸ್ಸಿನಲ್ಲೇ ತುಂಬಿಕೊಳ್ಳಬಹುದು. ಗೊತ್ತಿಲ್ಲದವರಿಗೆ ಅದು ಚಂದದ ರಾಗ, ಅಷ್ಟೇ.

ಅದರಲ್ಲಿ ಪಿಯಾನೊ ನುಡಿಸಿದ ಆಲಿಸ್ ಮೆಕ್ಲೌಡ್ ಮುಂದೆ ಆಲಿಸ್ ಕೋಲ್ಟ್ರೇನ್ ಎಂದು ಹೆಸರಾದರು. 1982ರ ‘ತುರಿಯಾ ಸಿಂಗ್ಸ್’ನಲ್ಲಿ ಅವರು ಹಿಡಿದದ್ದು ತದ್ವಿರುದ್ಧ ದಾರಿ: ಸಂಸ್ಕೃತ ಭಜನೆಯ ಪದ ಉಳಿಸಿಕೊಂಡು, ಸಂಗೀತ ಮಾತ್ರ ತಮ್ಮದು ಮಾಡಿಕೊಂಡರು.

ಕನ್ನಡದ ದಾರಿಯೂ ಹೆಚ್ಚಾಗಿ ಈ ಎರಡನೆಯದೇ. ಶಿಶುನಾಳ ಶರೀಫರ ಪದಗಳಿಗೆ ಸಿ. ಅಶ್ವತ್ಥ್ ರಾಗ ಹಾಕಿದರು. 2008ರ ‘ಅಂತರಾಗ್ನಿ’ ಆಲ್ಬಮ್‌ನಲ್ಲಿ ರಘು ದೀಕ್ಷಿತ್ ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಗಿಟಾರ್, ಡ್ರಮ್ಸ್ ಜೊತೆ ಬೇರೆಯೇ ಧಾಟಿಯಲ್ಲಿ ಹಾಡಿದರು. ರಾಗ ಬದಲಾಯಿತು, ಶರೀಫರು ಬದಲಾಗಲಿಲ್ಲ. ಯಾಕೆಂದರೆ ಪದದ ಕೊನೆಗೆ ಬರುವ ‘ಶಿಶುನಾಳಧೀಶ’ ಅನ್ನೋ ಅಂಕಿತ ಮಾತಿನಲ್ಲೇ ಇರತದ. ಸೊಲ್ಲಾಪುರದ ಸಿದ್ಧರಾಮನ ‘ಕಪಿಲಸಿದ್ಧಮಲ್ಲಿಕಾರ್ಜುನ’ವೂ ಹಾಗೇ. ಸ್ಯಾಕ್ಸೋಫೋನ್ ಆಗಲಿ ಶಹನಾಯಿ ಆಗಲಿ ಅಂಕಿತವನ್ನು ಉಚ್ಚರಿಸಲಾರದು.

ಇದು ಬರೀ ಸಂಗೀತಶಾಸ್ತ್ರದ ಮಾತಲ್ಲ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಮರಾಠಿ ಓದುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರು ಭಜನೆಯಲ್ಲಿ ತಾಳ ತಪ್ಪದೆ ದನಿಗೂಡಿಸಬಹುದು. ಆದರೆ ಕನ್ನಡ ಅಕ್ಷರ ಬರದಿದ್ದರೆ, ಮರೆತ ಸಾಲನ್ನು ಮತ್ತೆ ಹುಡುಕಿಕೊಳ್ಳಲು ಅವರಿಗೆ ಪುಸ್ತಕದ ಆಸರೆ ಇಲ್ಲ. ಗಿಬ್ಸ್ ಮಾತು ಬಿಟ್ಟು ನುಡಿಸುವಾಗ ಯಿಡ್ಡಿಷ್ ಬಲ್ಲ ಹಿರಿಯರು ಇನ್ನೂ ಕೇಳಲಿಕ್ಕೆ ಇದ್ದರು. ಅಂಥ ಆಲ್ಬಮ್ ಕೇಳುಗರ ನೆನಪಿನ ಸಾಲದ ಮೇಲೆ ನಿಂತಿರತದ. ನೆನಪು ಬತ್ತಿದ ಮೇಲೆ ಆ ಸಾಲ ಹುಟ್ಟುವುದಿಲ್ಲ.

ಹಾಗಂತ ವಾದ್ಯಸಂಗೀತ ಬೇಡ ಅಂತ ನಾನು ಹೇಳತಿಲ್ಲ. ತತ್ತ್ವಪದವನ್ನು ಜಾಝ್‌ನಲ್ಲೂ ಧಾರಾಳವಾಗಿ ನುಡಿಸಲಿ. ಆದರೆ ಅದರ ಜೊತೆಗೆ ಒಂದು ಸಲವಾದರೂ ಪೂರ್ತಿ ಪದವನ್ನು ಅಂಕಿತದವರೆಗೆ ಹಾಡಿಸಿರಬೇಕು. ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಲ್ಲಿ ನನ್ನ ವಿನಂತಿಯೂ ಇಷ್ಟೇ: ಮೊಬೈಲಿನಲ್ಲಿ ಧಾಟಿ ಹಿಡಿದುಕೊಂಡು ಎದ್ದು ಬರಬ್ಯಾಡ್ರಿ. ಹಾಡಿದ ಹಿರಿಯರ ಮುಂದೆ ಕೂತು ಪದವನ್ನು ಕನ್ನಡದಲ್ಲಿ ಬರಕೊಂಡು, ಅವರಿಗೇ ಒಮ್ಮೆ ಓದಿ ಹೇಳಿ, ತಿದ್ದಿಸಿಕೊಂಡು ಬರ್ರಿ.