ಎಡೆದೊರೆ ನಾಡಿನ ಮನೆಖರ್ಚು, ಸಾಲ ಮತ್ತು ಮಿತವ್ಯಯ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ನಾಡೆಂದು ಕರೆದಿದ್ದು, ಇಂದಿನ ರಾಯಚೂರು ಜಿಲ್ಲೆ ಬಹುಮಟ್ಟಿಗೆ ಅದೇ ನೆಲವಾಗಿದೆ. ಎರಡು ದೊಡ್ಡ ನದಿಗಳು ಎರಡು ಬದಿಗೆ ಹರಿದರೂ ನೀರು ಎಲ್ಲರ ಹೊಲಕ್ಕೆ ಮುಟ್ಟಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಮಾನ್ವಿಯ ಕಡೆ ಭತ್ತದ ಗದ್ದೆಗಳಾದವು, ಆದರೆ ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಕಾಯುವುದು ತಪ್ಪಿಲ್ಲ. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಒಂದಷ್ಟು ಊರುಗಳಿಗೆ ತಲುಪಿದರೆ, ಉಳಿದ ಊರುಗಳು ಮಳೆಯನ್ನೇ ನಂಬಿ ಹತ್ತಿ, ತೊಗರಿ, ಜೋಳ ಬೆಳೆಯುತ್ತವೆ. ಅಲ್ಲಮಪ್ರಭುವಿನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಗೂಗಲ್ ಗ್ರಾಮ ಕೃಷ್ಣೆಯ ದಂಡೆಯ ಮೇಲೆಯೇ ಇದ್ದು, ಅಲ್ಲಿ ನದಿಗೆ ಸೇತುವೆ ಸಹಿತ ಬ್ಯಾರೇಜ್ ಕಟ್ಟಲಾಗಿದೆ. ಆದರೂ ಆ ಗ್ರಾಮವಿರುವ ದೇವದುರ್ಗ ತಾಲೂಕು, ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿತು. ಮಳೆ ಕೈಕೊಟ್ಟ ವರ್ಷ ಈ ಭಾಗದ ಕುಟುಂಬಗಳು ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮನೆಖರ್ಚು ಕಡಿತ ಮತ್ತು ಸಾಲ ತೀರಿಸುವಿಕೆಯ ಕುರಿತು ನಗರದ ಸಂಬಳದಾರರಿಗಾಗಿ ಬರೆದ ಉಪದೇಶಗಳು ಇಂಥ ಮನೆಗಳಿಗೆ ಹೊಂದುವುದಿಲ್ಲ. ಇಲ್ಲಿನ ಸಾಲದ ಹುಟ್ಟು ಬೇರೆ, ಅದನ್ನು ಇಳಿಸುವ ದಾರಿಯೂ ಬೇರೆ.

ಆ ಹುಟ್ಟಿನ ಮೂಲ ಆದಾಯದ ಕಾಲದಲ್ಲಿದೆ. ಹತ್ತಿ ಮಾರಿದಾಗ, ಭತ್ತ ತೂಗಿದಾಗ, ತೊಗರಿ ರಾಶಿಯಾದಾಗ, ಅಂದರೆ ವರ್ಷದಲ್ಲಿ ಒಂದೆರಡು ಸಲ ಮಾತ್ರ ಕೈಗೆ ರೊಕ್ಕ ಬರುತ್ತದೆ. ಖರ್ಚು ಮಾತ್ರ ಪ್ರತಿದಿನ ಬರುತ್ತದೆ. ನಡುವಿನ ತಿಂಗಳುಗಳನ್ನು ದಾಟಿಸುವುದು ಕಿರಾಣಿ ಅಂಗಡಿಯ ಉದ್ರಿ, ಬೀಜ ಮತ್ತು ಔಷಧದ ಅಂಗಡಿಯ ಉದ್ರಿ, ಬೆಳೆ ತಮಗೇ ಮಾರಬೇಕೆಂಬ ಒಪ್ಪಂದದ ಮೇಲೆ ದಲಾಲಿ ಅಂಗಡಿಯವರು ಕೊಡುವ ಮುಂಗಡ, ಬಂಗಾರದ ಗಿರವಿ, ನೆಂಟರ ಕೈಗಡ ಮತ್ತು ಬಡ್ಡಿ ವ್ಯವಹಾರದವರ ಸಾಲ. 2019ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ನಡೆಸಿದ ಎಣಿಕೆಯಂತೆ ದೇಶದ ಕೃಷಿ ಕುಟುಂಬಗಳಲ್ಲಿ ಅರ್ಧದಷ್ಟು, ಅಂದರೆ ಶೇ 50.2ರಷ್ಟು, ಸಾಲದಲ್ಲಿದ್ದು, ಸರಾಸರಿ ಸಾಲ 74,121 ರೂಪಾಯಿ ಆಗಿತ್ತು. ಸಾಲವಿರುವುದೇ ದುಂದುಗಾರಿಕೆಗೆ ಸಾಕ್ಷಿಯೆಂದು ಭಾವಿಸುವವರು ಈ ಅಂಕಿಯನ್ನು ಗಮನಿಸಬೇಕು, ಏಕೆಂದರೆ ದೇಶದ ಅರ್ಧದಷ್ಟು ರೈತರು ದುಂದುಗಾರರಾಗಿರಲು ಸಾಧ್ಯವಿಲ್ಲ.

ಸಾಲ ತೀರಿಸಬೇಕೆಂದು ನಿರ್ಧರಿಸಿದ ಮನೆ ಮೊದಲು ಕೈಹಾಕುವುದು ಸಾಮಾನ್ಯವಾಗಿ ಅಡುಗೆಮನೆಗೆ. ಅದಕ್ಕೆ ಕಾರಣವೂ ಇದೆ: 2023–24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಂತೆ ಗ್ರಾಮೀಣ ಭಾರತದಲ್ಲಿ ತಲಾ ಮಾಸಿಕ ಖರ್ಚು ಸರಾಸರಿ 4,122 ರೂಪಾಯಿ ಇದ್ದು, ಅದರಲ್ಲಿ ಸುಮಾರು ಶೇ 47 ಭಾಗ ಆಹಾರಕ್ಕೇ ಹೋಗುತ್ತದೆ, ಅತಿ ದೊಡ್ಡ ಖರ್ಚೇ ಕಣ್ಣಿಗೆ ಮೊದಲು ಬೀಳುತ್ತದೆ. ಹಾಲು ಅರ್ಧವಾಗುತ್ತದೆ, ತತ್ತಿ ನಿಲ್ಲುತ್ತದೆ, ಬೇಳೆ ತೆಳುವಾಗುತ್ತದೆ, ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸಿನ ಪಾಲು ಯಾರ ಲೆಕ್ಕಕ್ಕೂ ಬಾರದಂತೆ ಕುಗ್ಗುತ್ತದೆ. ಈ ಜಿಲ್ಲೆಯಲ್ಲಿ ಇದು ಅಪಾಯದ ದಾರಿ. ರಾಯಚೂರಿನ ಮಕ್ಕಳ ಅಪೌಷ್ಟಿಕತೆಯ ವರದಿಗಳು 2011ರ ಹೊತ್ತಿಗೆ ಇಡೀ ರಾಜ್ಯವನ್ನು ಕಲಕಿ, ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ಅಧ್ಯಕ್ಷತೆಯ ಸಮಿತಿ 2012ರಲ್ಲಿ ಶಿಫಾರಸುಗಳನ್ನು ಕೊಡಬೇಕಾಯಿತು. ಊಟದಲ್ಲಿ ಉಳಿಸಿದ ನೂರು ರೂಪಾಯಿ ರಕ್ತಹೀನತೆಯಾಗಿ, ಕೂಲಿ ತಪ್ಪಿದ ದಿನಗಳಾಗಿ, ಆಸ್ಪತ್ರೆಯ ಚೀಟಿಯಾಗಿ ತಿರುಗಿ ಬರುತ್ತದೆ; ಹೀಗಾಗಿ ತಟ್ಟೆಯ ಮೇಲಿನ ಕಡಿತವನ್ನು ಮಿತವ್ಯಯವೆಂದು ಕರೆಯುವುದೇ ತಪ್ಪು.

ಮಿತವ್ಯಯಕ್ಕೆ ಈ ನೆಲದಲ್ಲಿ ಹಳೆಯ ಗೌರವವಿದೆ. ಹನ್ನೆರಡನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬ ಕಥೆ ಕನ್ನಡಿಗರಿಗೆ ಪರಿಚಿತವೇ. ಆದರೆ ಆ ಕಥೆಯನ್ನು ಸಾಲಗಾರರಿಗೆ ಬುದ್ಧಿ ಹೇಳಲು ಬಳಸುವುದು ಸರಿಯಲ್ಲ. ಲಕ್ಕಮ್ಮ ತಾನಾಗಿ ಬೇಡವೆಂದವಳು, ಮೇಲಾಗಿ ಅವಳ ಮನೆಯಲ್ಲಿ ಬಂದವರಿಗೆಲ್ಲ ಊಟವಿತ್ತು. ಬಡ್ಡಿಯ ಭಯದಿಂದ ಹಸಿದಿರುವ ಹೆಂಗಸಿನ ಸ್ಥಿತಿಗೂ ಅವಳ ನಿಲುವಿಗೂ ಹೋಲಿಕೆ ಇಲ್ಲ.

ಹಾಗಾದರೆ ಕಡಿತ ಎಲ್ಲಿಂದ ಆರಂಭವಾಗಬೇಕೆಂದರೆ, ಬಡ್ಡಿಯಿಂದ. ಹಳ್ಳಿಗಳಲ್ಲಿ ಬಡ್ಡಿಯನ್ನು ತಿಂಗಳಿಗೆ ನೂರಕ್ಕೆ ಇಷ್ಟು ರೂಪಾಯಿ ಎಂದು ಹೇಳುವುದರಿಂದ ಅದು ಚಿಕ್ಕದಾಗಿ ಕೇಳಿಸುತ್ತದೆ. ನೂರಕ್ಕೆ ಮೂರರಂತೆ 50,000 ರೂಪಾಯಿ ತಂದ ಮನೆ ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ ಬಡ್ಡಿ ಕಟ್ಟುತ್ತದೆ. ಮೂರು ವರ್ಷ ತುಂಬುವ ಮೊದಲೇ ಅಸಲಿನಷ್ಟು ಹಣ ಹೊರಗೆ ಹೋಗಿರುತ್ತದೆ, ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ. ಕರ್ನಾಟಕ ಲೇವಾದೇವಿದಾರರ ಕಾಯ್ದೆ 1961ರ ಅಡಿಯಲ್ಲಿ ಸರ್ಕಾರ ನಿಗದಿ ಮಾಡಿದ ಗರಿಷ್ಠ ದರ, ಭದ್ರತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ 14, ಭದ್ರತೆಯಿಲ್ಲದ ಸಾಲಕ್ಕೆ ಶೇ 16. ನೂರಕ್ಕೆ ಮೂರೆಂದರೆ ವರ್ಷಕ್ಕೆ ಶೇ 36. ವಿಪರೀತ ಬಡ್ಡಿ ವಸೂಲಿಯನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆಯೂ 2004ರಿಂದ ರಾಜ್ಯದಲ್ಲಿದೆ. ಕಾನೂನು ಕಾಗದದಲ್ಲಿದ್ದು ಸಾಲ ಬಾಯಿಮಾತಿನಲ್ಲಿ ನಡೆಯುವುದರಿಂದ ಇವು ಸಾಲಗಾರನ ನೆರವಿಗೆ ಬರುವುದು ಅಪರೂಪ, ಆದರೂ ಅವುಗಳ ಅರಿವು ಮನೆಯಲ್ಲಿರಬೇಕು.

ಇದರ ಎದುರು ಸಹಕಾರ ಸಂಘದ ಬೆಳೆಸಾಲವನ್ನು ಇಟ್ಟು ನೋಡಬೇಕು. ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿದ್ದು ಇಂಥ ಬಡ್ಡಿಯಿಂದ ರೈತರನ್ನು ಬಿಡಿಸಲೆಂದೇ. ಇಂದು ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಕೊಡುವ ಅಲ್ಪಾವಧಿ ಬೆಳೆಸಾಲಕ್ಕೆ ಗಡುವಿನೊಳಗೆ ಮರುಪಾವತಿಸಿದರೆ ಬಡ್ಡಿಯಿಲ್ಲ, ಅದರ ಮಿತಿಯನ್ನು 2023–24ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಗೇಣಿಗೆ ಹೊಲ ಮಾಡುವವರಿಗೆ ಪಹಣಿ ಹೆಸರಿನಲ್ಲಿಲ್ಲದ ಕಾರಣ ಈ ಸಾಲ ಕೈಗೆಟುಕುವುದು ಕಷ್ಟ, ಭೂಮಿಯೇ ಇಲ್ಲದವರಿಗೆ ಅದರ ಮಾತೇ ಇಲ್ಲ. ಅತ್ಯಂತ ಬಡವರೇ ಅತ್ಯಂತ ದುಬಾರಿ ಸಾಲ ಮಾಡಬೇಕಾಗಿರುವುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ.

ಸಹಕಾರ ಸಾಲ ತಲುಪದ ಆ ಜಾಗವನ್ನು ತುಂಬಲು ಬಂದದ್ದು ಮೈಕ್ರೋಫೈನಾನ್ಸ್, ಅಂದರೆ ಒತ್ತೆಯಿಲ್ಲದೆ ಹೆಂಗಸರ ಗುಂಪಿಗೆ ಪರಸ್ಪರ ಹೊಣೆಯ ಮೇಲೆ ಕೊಡುವ ಕಿರುಸಾಲ. ಇದನ್ನು ಕೊಡುವ ಕಂಪನಿಯ ಗುಂಪನ್ನೂ, ಹೆಂಗಸರು ತಾವೇ ವಾರವಾರ ಉಳಿತಾಯ ಮಾಡಿ ಕಟ್ಟಿಕೊಂಡ ಸ್ವಸಹಾಯ ಗುಂಪನ್ನೂ ಊರಲ್ಲಿ ಸಂಘವೆಂದೇ ಕರೆದರೂ, ಮೊದಲನೆಯದರಲ್ಲಿ ಬಡ್ಡಿ ಊರು ಬಿಟ್ಟು ಹೋಗುತ್ತದೆ, ಎರಡನೆಯದರಲ್ಲಿ ಸದಸ್ಯರ ನಿಧಿಯಾಗಿ ಉಳಿಯುತ್ತದೆ. ಕಂತಿನ ಲೆಕ್ಕವನ್ನೂ ತಿಳಿದಿರಬೇಕು. 40,000 ರೂಪಾಯಿಗೆ ವರ್ಷಕ್ಕೆ ಶೇ 12 ಎಂದು 4,800 ರೂಪಾಯಿ ಬಡ್ಡಿ ಸೇರಿಸಿ, ಒಟ್ಟನ್ನು 52 ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 862 ರೂಪಾಯಿ ಕಟ್ಟಬೇಕು. ಇದನ್ನು ಫ್ಲಾಟ್ ದರ ಎನ್ನುತ್ತಾರೆ. ಆದರೆ ಪ್ರತಿ ವಾರ ಅಸಲು ಇಳಿಯುತ್ತಿದ್ದರೂ ಬಡ್ಡಿ ಪೂರ್ತಿ ಮೊತ್ತಕ್ಕೇ ಬಿದ್ದಿರುವುದರಿಂದ, ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಶೇ 22ನ್ನು ದಾಟುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಾಲದ್ದು: ವರ್ಷಕ್ಕೊಮ್ಮೆ ರೊಕ್ಕ ಕಾಣುವ ಮನೆ ವಾರಕ್ಕೊಮ್ಮೆ ಕಂತು ಕಟ್ಟಬೇಕಾದಾಗ, ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ ಎತ್ತುವುದು ಅನಿವಾರ್ಯವಾಗುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳು ಇದಕ್ಕೆ ಮಿತಿ ಹಾಕಿವೆ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರಬಾರದು.

ಬಡ್ಡಿಯ ನಂತರ ನೋಡಬೇಕಾದದ್ದು ಒಮ್ಮೆಲೇ ಬರುವ ದೊಡ್ಡ ಖರ್ಚುಗಳು. ಮದುವೆ ಅವುಗಳಲ್ಲಿ ಮುಖ್ಯವಾದುದು. ಚಹಾ, ಸಕ್ಕರೆಯಲ್ಲಿ ಹಲವು ವರ್ಷ ಹಿಡಿದು ಉಳಿಸಿದ್ದು ಒಂದು ದಿನದ ಪೆಂಡಾಲು, ಬಂಗಾರ, ಬಟ್ಟೆ ಮತ್ತು ಊಟದಲ್ಲಿ ಮುಗಿದು, ಮೇಲೆ ಸಾಲವೂ ಉಳಿಯುತ್ತದೆ. ವರದಕ್ಷಿಣೆ 1961ರ ಕಾಯ್ದೆಯಂತೆ ಅಪರಾಧವಾದರೂ ಉಡುಗೊರೆಯ ಹೆಸರಿನಲ್ಲಿ ನಡೆದೇ ಇದೆ. ಇದಕ್ಕೆ ಪರಿಹಾರವನ್ನು ಕನ್ನಡ ಸಮಾಜ ತಾನೇ ಕಂಡುಕೊಂಡಿದೆ: ಕುವೆಂಪು ಅವರು ಮಂತ್ರಮಾಂಗಲ್ಯದ ಸರಳ ವಿವಾಹ ಪದ್ಧತಿಯನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿದರು, ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹಗಳು ನಡೆಯುತ್ತಿವೆ, ಕಲ್ಯಾಣ ಕರ್ನಾಟಕದ ಮಠಗಳಲ್ಲೂ ಜಾತ್ರೆಗಳಲ್ಲೂ ಸಾಮೂಹಿಕ ವಿವಾಹ ಈಗ ರೂಢಿಯ ಮಾತು. ಬಡವರ ಮಕ್ಕಳು ಮಾತ್ರ ಅಲ್ಲಿ ತಾಳಿ ಕಟ್ಟಿ, ಉಳ್ಳವರು ಕಲ್ಯಾಣ ಮಂಟಪಗಳಲ್ಲಿ ಅಬ್ಬರದ ಮದುವೆ ಮಾಡುವವರೆಗೆ ಸರಳ ಮದುವೆಗೆ ಅಂಟಿದ ಬಡತನದ ಕಳಂಕ ಹೋಗುವುದಿಲ್ಲ. ಊರಿನ ನಾಲ್ಕು ಉಳ್ಳ ಮನೆಗಳು ಸಾಮೂಹಿಕ ಮದುವೆಗೆ ಮುಂದಾದರೆ ನೂರಾರು ಮನೆಗಳ ಸಾಲ ತಪ್ಪುತ್ತದೆ.

ಆಸ್ಪತ್ರೆಯ ಖರ್ಚು ಮದುವೆಯಂತೆ ಮುಂದೂಡುವಂಥದಲ್ಲ, ಆದರೆ ತಗ್ಗಿಸಬಹುದಾದುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ, ರಾಯಚೂರು ನಗರದಲ್ಲಿ ರಿಮ್ಸ್ ಬೋಧಕ ಆಸ್ಪತ್ರೆಯಿದೆ. ಯೋಜನೆಯ ಕಾರ್ಡನ್ನು ಕಾಯಿಲೆ ಬಂದ ಮೇಲೆ ಹುಡುಕದೆ ಮುಂಚೆಯೇ ಮಾಡಿಸಿಟ್ಟುಕೊಳ್ಳುವುದು ದೊಡ್ಡ ಉಳಿತಾಯ. ಇನ್ನು ಮನೆಯ ಹಣ ಸೋರುವ ಮತ್ತೊಂದು ದಾರಿಯಾದ ಕುಡಿತದ ಖರ್ಚಿನ ಬಗ್ಗೆ ಈ ಜಿಲ್ಲೆಯ ಹೆಂಗಸರು ಯಾವ ಅರ್ಥಶಾಸ್ತ್ರಜ್ಞರಿಗಿಂತಲೂ ಸ್ಪಷ್ಟವಾಗಿ ಮಾತನಾಡಿದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಕ್ಕಾಗಿ ನಡೆದ ಸಾವಿರಾರು ಮಹಿಳೆಯರ ಪಾದಯಾತ್ರೆಯಲ್ಲಿ ರಾಯಚೂರಿನ ಕೂಲಿಕಾರ ಹೆಂಗಸರೂ ಹೆಜ್ಜೆ ಹಾಕಿದರು. ಮನೆಯೊಳಗೆ ಗಂಡಸು ಒಪ್ಪದ ಕಡಿತವನ್ನು ಬೀದಿಗೆ ತಂದು ಕೇಳಿದ ಆ ಹೋರಾಟಕ್ಕೆ ಸಿಗಬೇಕಾದ ಉತ್ತರ ಇನ್ನೂ ಸಿಕ್ಕಿಲ್ಲ.

2023ರಿಂದ ರಾಜ್ಯ ಸರ್ಕಾರದ ಯೋಜನೆಗಳಿಂದಾಗಿ ಮನೆಗಳ ಲೆಕ್ಕದಲ್ಲಿ ಒಂದು ಬದಲಾವಣೆಯಾಗಿದೆ. ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಖರ್ಚು ಇಳಿಯಿತು, ಗೃಹಜ್ಯೋತಿಯಿಂದ ವಿದ್ಯುತ್ ಬಿಲ್ಲು ತಗ್ಗಿತು, ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯಿಂದ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು. ಈ ಮೊತ್ತ ಕೆಲವೊಮ್ಮೆ ತಡವಾಗಿ ಬರುವುದರಿಂದ ಇದನ್ನೇ ನಂಬಿ ಹೊಸ ಕಂತಿಗೆ ಸಹಿ ಹಾಕುವುದು ಜಾಣತನವಲ್ಲ. ಹಳೆಯ ಸಾಲಕ್ಕೆ ತಿರುಗಿಸಿದರೆ ಮಾತ್ರ ಅದರ ಬಲ ಕಾಣುತ್ತದೆ. ನೂರಕ್ಕೆ ಮೂರರ ಬಡ್ಡಿಯ 30,000 ರೂಪಾಯಿ ಸಾಲವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಸಲನ್ನು ಒಂದೇ ಗಂಟಿನಲ್ಲಿ ಕೊಡಬೇಕೆಂದು ಸಾಲಿಗ ಹಟ ಹಿಡಿದರೆ, ತಿಂಗಳ 2,000ದಲ್ಲಿ 900 ಬಡ್ಡಿಗೆ ಹೋಗಿ, ಉಳಿದ 1,100ನ್ನು ಕೂಡಿಡುತ್ತ ಅಸಲು ತೀರಿಸಲು 27 ತಿಂಗಳು ದಾಟುತ್ತದೆ. ಅಸಲನ್ನು ಬಿಡಿಬಿಡಿಯಾಗಿ ಪಡೆಯಲು ಅವನು ಒಪ್ಪಿದರೆ 20 ತಿಂಗಳು ದಾಟುವಷ್ಟರಲ್ಲಿ ಸಾಲ ಮುಗಿಯುತ್ತದೆ. ಸ್ವಸಹಾಯ ಗುಂಪಿನಿಂದ ವರ್ಷಕ್ಕೆ ಶೇ 12ರ ದರದಲ್ಲಿ ಅಷ್ಟೇ ಮೊತ್ತ ಎತ್ತಿ ದುಬಾರಿ ಸಾಲವನ್ನು ಒಮ್ಮೆಲೇ ತೀರಿಸಿ, ಅದೇ 2,000ವನ್ನು ಗುಂಪಿಗೆ ಕಟ್ಟಿದರೆ 17ನೆಯ ಕಂತಿಗೆ ಮನೆ ಋಣಮುಕ್ತವಾಗುತ್ತದೆ. ಊಟದ ಒಂದು ತುತ್ತನ್ನೂ ಕಡಿಮೆ ಮಾಡದೆ, ಕೇವಲ ಸಾಲದ ಜಾಗ ಬದಲಿಸಿ ಉಳಿಸಿದ ಹಣವಿದು.

ಹಲವು ಸಾಲಗಳಿದ್ದಾಗ ಯಾವುದನ್ನು ಮೊದಲು ತೀರಿಸಬೇಕೆಂಬ ಪ್ರಶ್ನೆಗೂ ಈ ಲೆಕ್ಕದಲ್ಲೇ ಉತ್ತರವಿದೆ: ಎಲ್ಲದರ ಕಂತನ್ನು ತಪ್ಪದೆ ಕಟ್ಟುತ್ತ, ಹೆಚ್ಚುವರಿಯಾಗಿ ಉಳಿದದ್ದನ್ನು ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ ಹಾಕಬೇಕು, ಮೊತ್ತ ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಲ್ಲ. ಬಡ್ಡಿಯಿಲ್ಲದ ನೆಂಟರ ಕೈಗಡ ಲೆಕ್ಕದ ಪ್ರಕಾರ ಕೊನೆಗೆ ಬರಬೇಕಾದರೂ, ಅವರ ಮನೆಯಲ್ಲೂ ಅಗತ್ಯ ಬಿದ್ದಿರಬಹುದಾದ್ದರಿಂದ ಅದರ ಗಡುವನ್ನು ಮಾತನಾಡಿಕೊಳ್ಳುವುದು ಮನುಷ್ಯತ್ವದ ವಿಷಯ. ಸಾಲದ ಜಾಗ ಬದಲಿಸಲು ನೆರವಾಗುವ ಸ್ವಸಹಾಯ ಗುಂಪುಗಳಿಗೆ ಕರ್ನಾಟಕದಲ್ಲಿ ಗಟ್ಟಿ ಬುನಾದಿಯಿದೆ. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಬೆಳೆಸಿದ ಗುಂಪುಗಳ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು, 2000–01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂದಿತು, ನಂತರ ಸಂಜೀವಿನಿ ಒಕ್ಕೂಟಗಳು ಪಂಚಾಯಿತಿ ಮಟ್ಟಕ್ಕೆ ಇಳಿದವು.

ಮೈಕ್ರೋಫೈನಾನ್ಸ್ ಸಾಲದ ವಸೂಲಿಯ ಕಿರುಕುಳದಿಂದ ಸಾವುಗಳು ಸಂಭವಿಸಿ, ಜನ ಊರು ತೊರೆಯುವಂತಾದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅಧ್ಯಾದೇಶ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡವನ್ನು ಗೊತ್ತುಪಡಿಸಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ರ ಮೊದಲು ಮತ್ತು ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ, ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅವಧಿಗೆ ಮುನ್ನ ತೀರಿಸಿದರೆ ದಂಡ ಹಾಕುವಂತಿಲ್ಲ. ಆದ್ದರಿಂದ ಹತ್ತಿ ಅಥವಾ ಭತ್ತ ಮಾರಿ ಕೈಯಲ್ಲಿ ರೊಕ್ಕವಿರುವ ವಾರದಲ್ಲೇ ದುಬಾರಿ ಸಾಲವನ್ನು ಮುಗಿಸಿ, ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆದು, ಸಹಿ ಹಾಕಿ ಕೊಟ್ಟಿದ್ದ ಖಾಲಿ ಚೆಕ್ಕು ಮತ್ತು ಬಾಂಡುಗಳನ್ನು ಮರಳಿ ಕೇಳಿ ಪಡೆಯಬೇಕು. ಅವು ಸಾಲಿಗನ ಕೈಯಲ್ಲಿರುವವರೆಗೆ ಸಾಲ ತೀರಿತೆಂದು ಯಾವ ಮನೆಯೂ ತಿಳಿಯಬಾರದು.